ಕೇಸರಿ ಬಾಲ್ಕನಿ

“ಯಾಕೆ ನಿಲ್ಲಿಸಿಬಿಟ್ರಿ?” ವನಮಾಲಮ್ಮ ಖಾಲಿ ಬಾಲ್ಕನಿಯನ್ನು ಕೇಳಿದರು.

ದಸರೆ ಬಂತೆಂದರೆ ಊರಿನ ಎತ್ತರದ ಅಪಾರ್ಟ್‌ಮೆಂಟುಗಳಿಗೆಲ್ಲ ಹಬ್ಬ ಮುಗಿಯುವ ತನಕ ದೀಪ ಕಟ್ಟುತ್ತಾರೆ. ಮನೆಯವರ ಮನಸ್ಸು ಯಾವ ದನಿ ಕೇಳುತ್ತಿದೆಯೋ ಆ ದನಿಯ ಬಣ್ಣದಲ್ಲಿ ಅವರ ಬಾಲ್ಕನಿ ಬೆಳಗುತ್ತದೆ. ವನಮಾಲಮ್ಮನದು ಕೇಸರಿ; ತೀರಿಕೊಂಡ ಯಜಮಾನರು ಸಂಜೆ ಹೊತ್ತು ಕಾವ್ಯ ಓದುತ್ತಿದ್ದ ದನಿ. ಪ್ರತಿ ಪದ್ಯಕ್ಕೂ ಹೆಂಡತಿ ಹೂಂಗುಟ್ಟದೆ ಅವರು ಮುಂದಿನದಕ್ಕೆ ಹೋದವರೇ ಅಲ್ಲ. ಇವತ್ತು ಒಗ್ಗರಣೆಯ ಗಡಿಬಿಡಿಯಲ್ಲಿ ಅದು ಮರೆತುಹೋಗಿ ದೀಪ ಆರಿತ್ತು.

“ಹೂಂ” ಎಂದರು. ರಾಗ ಎಳೆದಂತೆ ಬೆಳಕು ಮೆಲ್ಲಗೆ ಏರಿತು.

ಅಷ್ಟರಲ್ಲಿ ಅಪಾರ್ಟ್‌ಮೆಂಟ್ ಸಂಘದ ಸೆಕ್ರೆಟರಿ ರೇಣುಕಪ್ಪ ಬಾಗಿಲಿಗೆ ಬಂದರು. “ಅಮ್ಮಾ, ಈಗ ದೀಪಾಲಂಕಾರದ ಬಹುಮಾನಕ್ಕೆ ಜಡ್ಜುಗಳು ಬರ್ತಾರೆ. ಎಲ್ರೂ ಸಂಘದ ಹಾಡನ್ನೇ ನೆನೀತಿದ್ದಾರೆ, ಇಡೀ ಬಿಲ್ಡಿಂಗ್ ನೀಲಿ. ನಿಮ್ಮದೊಂದರಿಂದ ಹಲ್ಲು ಬಿದ್ದ ಬಾಯಿ ಥರ ಕಾಣುತ್ತೆ. ಅರ್ಧ ಗಂಟೆ ಯಜಮಾನ್ರನ್ನ ಸುಮ್ನಿರಿಸಿ, ಸಾಕು. ಹೋದ ವರ್ಷ ನಮ್ಮ ತಾಯಿ ದನೀನ ನಾನೂ ಹಾಗೇ ನಿಲ್ಸಿದ್ದೆ.”

“ಮತ್ತೆ ಬಂತಾ, ರೇಣುಕಪ್ಪ?”

“ಆಮೇಲಿಂದ ನಮ್ಮದೂ ನೀಲೀನೇ ಅಮ್ಮಾ” ಎಂದರು ರೇಣುಕಪ್ಪ. ಆಚೆ ಪದ್ಯ ಮುಗಿದು ಕೇಸರಿ ಮಂಕಾಗುತ್ತಿತ್ತು.

“ಹೂಂ” ಎಂದು ವನಮಾಲಮ್ಮ ಬಾಲ್ಕನಿಗೆ ಹೇಳಿದರು. ಇತ್ತ ತಿರುಗಿ, “ಆಗಲ್ಲಪ್ಪ” ಎಂದರು.