ಕತ್ತರಿ ಹಾಕದ ಮೀನು

"ರೀ, ನಮ್ಮನೆ ಬೂದು ಮೀನು ನನ್ನ ಮೀನಾಗ್ಬಿಟ್ಟಿದೆ!"

ಊಟದ ಡಬ್ಬಿಯ ಪಕ್ಕದಲ್ಲೇ ನೀರಿನ ಬಾಟಲಿಯೊಂದನ್ನು ಗಂಡನ ಕಚೇರಿಯ ಮೇಜಿನ ಮೇಲೆ ಕುಕ್ಕಿ ಹೆಂಡತಿ ಹೇಳಿದಳು. ವಸ್ತುಸಂಗ್ರಹಾಲಯದ ಮೀನು ವಿಭಾಗ ನೋಡಿಕೊಳ್ಳುವ ಗಂಡ ಕನ್ನಡಕ ಏರಿಸಿ ಬಗ್ಗಿದ. ಬಾಟಲಿಯೊಳಗೆ, ಮನೆಯ ಗಾಜಿನ ತೊಟ್ಟಿಯಲ್ಲಿ ಅವಳು ಸಾಕಿದ್ದ ಹೊಳೆಮೀನು. ಹೋದ ತಿಂಗಳು ಬೂದಿಯ ಬಣ್ಣಕ್ಕಿತ್ತು. ಈಗ ಈಜುರೆಕ್ಕೆ ಕೆಂಪಾಗಿ, ಮೂತಿಯ ಮೇಲೆ ಸಾಸಿವೆಯಷ್ಟು ಬಿಳಿ ಗುಳ್ಳೆಗಳೆದ್ದಿದ್ದವು.

ಕೆಂಪು ರೆಕ್ಕೆ, ಮೂತಿಯ ಗುಳ್ಳೆ: ಇಪ್ಪತ್ತೆಂಟು ವರ್ಷದ ಹಿಂದೆ ಇವೆರಡನ್ನೇ ನೆಚ್ಚಿಕೊಂಡು ಅವನೊಂದು ಹೊಸ ಪ್ರಭೇದವನ್ನು ಸಾರಿದ್ದ. ಜೀವಮಾನದಲ್ಲಿ ಕಂಡುಹಿಡಿದದ್ದು ಅದೊಂದೇ. ಮದುವೆಯಾದ ಹೊಸತು ಬೇರೆ. ಅದಕ್ಕೆ ಹೆಂಡತಿಯ ಹೆಸರನ್ನೇ ಇಟ್ಟು, ಸಿಕ್ಕ ಮೀನನ್ನು ಕೆಡದಂತೆ ಸೀಸೆಗೆ ಹಾಕಿ ಕಪಾಟಿನಲ್ಲಿಟ್ಟಿದ್ದ. ಬಂದವರಿಗೆಲ್ಲ ಅದನ್ನು ಹೇಳಿಕೊಂಡು ಅವಳು ಬೀಗದ ದಿನವಿಲ್ಲ.

"ಬೂದು ಮೀನೇ ಬೇರೆ, ನಿನ್ನ ಮೀನೇ ಬೇರೆ ಕಣೇ. ಎಲ್ಲೋ ಬೆರೆತು ಬಂದಿರ್ಬೇಕು."

"ತೊಟ್ಟೀಲಿರೋದೇ ಎರಡು. ಇನ್ನೊಂದರ ಹೊಟ್ಟೆ ತುಂಬ ಮೊಟ್ಟೆ, ಇದು ಅದರ ಬೆನ್ನು ಬಿಡ್ತಿಲ್ಲ. ಇದು ಗಂಡು, ಅದು ಹೆಣ್ಣು, ಮೊಟ್ಟೆ ಕಾಲಕ್ಕೆ ಗಂಡಿಗೆ ಬಣ್ಣ ಬಂದಿದೆ, ಅಷ್ಟೇ. ಕಪಾಟಲ್ಲಿರೋ ನನ್ನ ಮೀನು ಗಂಡೋ ಹೆಣ್ಣೋ? ಕೊಯ್ದು ನೋಡಿಲ್ವಾ?"

ಅವನು ತಲೆ ಕೆರೆದುಕೊಂಡ. "ಸಿಕ್ಕಿದ್ದೇ ಒಂದು. ಸಿಕ್ಕ ದಿನಾನೇ ನಿನ್ನ ಹೆಸರಿಟ್ಬಿಟ್ಟೆ. ಆಮೇಲೆ ಕತ್ತರಿ ಹಾಕೋಕೆ ಕೈ ಬರ್ಲಿಲ್ಲ."

ಅವಳಿಗೆ ನಗು ಬಂತು, ಹಿಂದೆಯೇ ಸಂಕಟವೂ ಆಯಿತು. "ಎರಡೂ ಒಂದೇ ಅಂತಾದ್ರೆ?"

"ಮೊದಲು ಇಟ್ಟ ಹೆಸರೇ ನಿಲ್ಲೋದು. ಬೂದು ಮೀನಿಗೆ ಯಾರೋ ನೂರು ವರ್ಷದ ಹಿಂದೇನೇ ಹೆಸರಿಟ್ಟಾಗಿದೆ. ನಿನ್ನ ಹೆಸರು ಹೋಗುತ್ತೆ." ಬಾಟಲಿಯನ್ನು ಅವಳತ್ತ ತಳ್ಳಿದ. "ಸುಮ್ನೆ ಮನೆಗೆ ತಗೊಂಡ್ಹೋಗು. ಯಾರೂ ನೋಡಿಲ್ಲ."

"ನಾನು ನೋಡಿದೀನಲ್ಲ" ಎಂದು ಅವಳೇ ಕಪಾಟಿನಿಂದ ಸೀಸೆ ಇಳಿಸಿ, ಕತ್ತರಿಯನ್ನು ಅವನ ಕೈಗಿತ್ತಳು.

ಕೊಯ್ದರೆ ಮೊಟ್ಟೆಯ ಚೀಲವಿಲ್ಲ. ಗಂಡು ಮೀನು; ಅಂದರೆ ಬೂದು ಮೀನೇ.

"ಅಯ್ಯೋ, ಇಷ್ಟು ವರ್ಷ ಗಂಡಸೊಬ್ಬನಿಗೆ ನನ್ನ ಹೆಸರಿಟ್ಟು ಕೂರಿಸಿದ್ರಲ್ರೀ!" ನಗಲು ಹೋಗಿ ಅವಳು ಕಣ್ಣೊರೆಸಿಕೊಂಡಳು.

ಅವನು ಸೀಸೆಗೆ ಹೊಸ ಚೀಟಿ ಬರೆಯತೊಡಗಿದ. ಹೆಸರಿನ ಜಾಗದಲ್ಲಿ ಬೂದು ಮೀನಿನ ಹಳೆಯ ಹೆಸರು. ಲಿಂಗ: ಗಂಡು. ಕೊನೆಯ ಸಾಲು, 'ಗುರುತಿಸಿದವರು'. ಆ ಕೋಣೆಯ ಪ್ರತಿ ಸೀಸೆಯ ಮೇಲೂ ಅಲ್ಲಿ ಅವನದೇ ಹೆಸರಿತ್ತು. ಒಂದು ಗಳಿಗೆ ಪೆನ್ನು ನಿಲ್ಲಿಸಿ, ಅಲ್ಲಿ ಹೆಂಡತಿಯ ಹೆಸರು ಬರೆದ.