ಮಧ್ಯಯುಗದ ಜನಜೀವನವನ್ನು ವಿವರಿಸಿ

ಕಾಲದ ಬಾಗಿಲು ದಾಟಿ ಬಂದವರೂ ಇಲ್ಲಿ ಕೆಲಸ ಬೇಕೆಂದರೆ ಹತ್ತನೇ ತರಗತಿ ಪಾಸಾಗಲೇಬೇಕು. ಎಂಟುನೂರು ವರ್ಷ ಹಿಂದಿನ ಲಕ್ಕುಂಡಿಯಿಂದ ಬಂದ ಮಾಳವ್ವೆ ಎರಡನೇ ಸಲ ಇತಿಹಾಸದಲ್ಲಿ ನಪಾಸಾಗಿದ್ದಳು, ಅದೂ ತಾನು ಬದುಕಿದ ಕಾಲದ ಪ್ರಶ್ನೆಯಲ್ಲಿ. ಗದಗಿನ ಸಂಜೆ ಶಾಲೆಯ ಮುದೇನೂರ ಮಾಸ್ತರರು ಅವಳ ಉತ್ತರಪತ್ರಿಕೆ ಹಿಡಿದು ಹಣೆ ಚಚ್ಚಿಕೊಂಡರು.

“ಏ ತಂಗಿ, ಹೋದ ವರ್ಷ ಪುಸ್ತಕದಾಗ ನಿಮ್ಮದು ಕತ್ತಲ ಯುಗ ಅಂತ ಇತ್ತು. ನೀ ನಿಮ್ಮವ್ವ ಸಂತ್ಯಾಗ ಕೆಂಪು ಬಳಿ ಇಡಿಸ್ಕೊಂಡು ಮನೀತನಕ ನಕ್ಕೋತ ಬಂದಿದ್ದು ಬರದಿ. ಈ ವರ್ಷ ಪುಸ್ತಕ ಬದಲಾಗಿ ಸುವರ್ಣ ಯುಗ ಆಗೇತಿ. ಈಗ ನೋಡಿದ್ರ, ಸುಂಕದವರು ಎಮ್ಮಿ ಹೊಡಕೊಂಡು ಹೋದಾಗ ನಿಮ್ಮವ್ವ ಅತ್ತಿದ್ದು ಬರದಿ! ಪುಸ್ತಕದಾಗ ಇದ್ದಂಗ ಬರದ್ರ ಅಂಗನವಾಡಿ ಕೆಲಸ ಸಿಗತೈತಿ. ತಿಳೀತಾ?”

“ತಿಳೀತ್ರಿ ಸರ.”

“ಮತ್ತ ಮುಂದಿನ ಪರೀಕ್ಷಾದಾಗ ಏನ್ ಬರೀತಿ?”

ಮಾಳವ್ವೆ ಉತ್ತರಪತ್ರಿಕೆಯನ್ನು ಅವರ ಕೈಯಿಂದ ತೆಗೆದುಕೊಂಡು ಎದೆಗೊತ್ತಿಕೊಂಡಳು.

“ಎರಡೂ ಬರೀತೀನ್ರಿ. ಪುಸ್ತಕ ಬೇಕಾದ್ರ ವರ್ಷಕ್ಕೊಂದು ಬರಲಿ. ನಕ್ಕಾಕಿನೂ ಅತ್ತಾಕಿನೂ ನಮ್ಮವ್ವ ಒಬ್ಬಾಕಿನ.”