ಎರಡೇ ಬಾಗಿಲಿನ ಕಾರು

ಮೂರೇ ಜನರ ಸಂಸಾರಕ್ಕೆ ಶ್ರೀಕಂಠ ಹನ್ನೆರಡು ಸೀಟಿನ ಹಳೆಯ ವ್ಯಾನೊಂದನ್ನು ಕೊಂಡು ತಂದಾಗ ಹೆಂಡತಿ ಹಣೆ ಚಚ್ಚಿಕೊಂಡಳು.

"ಏನ್ರೀ ಇದು? ಸ್ಕೂಲ್ ಮಕ್ಕಳನ್ನ ಸಾಗಿಸೋಕಾ?"

ಅವನು ಹಿಂದಿನ ಬಾಗಿಲುಗಳನ್ನು ಒಳಗಿನಿಂದ ತೆರೆದು, ಮುಚ್ಚಿ, ಮತ್ತೆ ತೆರೆದು ನೋಡಿದ. ಕಾರು ಕೊಳ್ಳಲು ಹೋದಲ್ಲೆಲ್ಲ ಅವನು ನೋಡುತ್ತಿದ್ದುದು ಅಷ್ಟನ್ನೇ.

ಮಗಳು ಹಳೆಯ ಆಲ್ಬಮ್ಮಿನಿಂದ ಒಂದು ಫೋಟೋ ಹುಡುಕಿ ತಂದಳು. ತಾತನ ಪುಟ್ಟ ಕಾರು. ಬಾನೆಟ್ಟಿನ ಮೇಲೆ ಎರಡು ಜಡೆಯ ನಳಿನಿ, ಶ್ರೀಕಂಠನ ತಂಗಿ.

"ಇಂಥದ್ದು ತರಬಾರ್ದಿತ್ತಾ ಅಪ್ಪ? ಅಯ್ಯೋ, ಇದಕ್ಕೆ ಎರಡೇ ಬಾಗಿಲು! ಹಿಂದೆ ಕೂತವರು ಹೇಗೆ ಇಳೀತಿದ್ರು?"

"ಮುಂದೆ ಕೂತವರು ಮೊದಲು ಇಳಿದು ಸೀಟು ಮಡಚಬೇಕು. ಆಮೇಲೆ ಹಿಂದಿನವರು."

ಮಗಳ ದನಿ ತಗ್ಗಿತು. "ನಳಿನಿ ಅತ್ತೆ ನಾಲೆಗೆ ಬಿದ್ದು ತೀರಿಹೋಗಿದ್ದು... ಇದೇ ಕಾರಲ್ಲಾ?"

"ಹೂಂ. ನಾಲೆ ಏರಿ ಮೇಲೆ ನಿಲ್ಲಿಸಿ ತಾತ ಎಳನೀರು ತರೋಕೆ ಹೋಗಿದ್ರು. ಕಾರು ತಾನಾಗೇ ನಿಧಾನಕ್ಕೆ ಜಾರೋಕೆ ಶುರುವಾಯ್ತು. ಅವಳು ಹಿಂದೆ ಕೂತಿದ್ಲು."

ತಾತ ಸಾಯುವವರೆಗೂ 'ಎಲ್ಲ ನನ್ನದೇ ತಪ್ಪು' ಎಂದು ಗೊಣಗುತ್ತಿದ್ದುದು ಯಾಕೆಂದು ಮಗಳಿಗೆ ಈಗ ಅರ್ಥವಾದಂತಿತ್ತು. ಅವಳು ಫೋಟೋವನ್ನೇ ನೋಡುತ್ತ ಕೇಳಿದಳು.

"ಅವತ್ತು ಮುಂದೆ ಯಾರೂ ಇರ್ಲಿಲ್ವಾ ಅಪ್ಪ?"

ಶ್ರೀಕಂಠ ವ್ಯಾನಿನ ಬಾಗಿಲ ಹಿಡಿಯಿಂದ ಕೈ ತೆಗೆಯಲಿಲ್ಲ.

"ನಾನಿದ್ದೆ. ಸೀಟು ಮಡಚದೆ ಇಳಿದು ಓಡಿಬಿಟ್ಟೆ."